ಶಾಂತಿಸಾಗರ ಮಹಾರಾಜರ ತ್ಯಾಗವೂ ನಮ್ಮ ತಂಬಾಕೂ

ಪರಮಪೂಜ್ಯ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರು 1872ರಲ್ಲಿ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಸಾತಗೌಡ. ನಿಪ್ಪಾಣಿಯ ಸುತ್ತಣ ಆ ಸೀಮೆಯು ಬೀಡಿ ತಂಬಾಕಿಗೆ ಹೆಸರುವಾಸಿಯಾದುದು. ಸಾತಗೌಡರಾದರೋ ಮನೆಯ ಬಟ್ಟೆ ಅಂಗಡಿಯಲ್ಲಿ ಕುಳಿತಿದ್ದ ಕಾಲದಲ್ಲಿಯೇ ಒಂದೊಂದಾಗಿ ನಿಯಮಗಳನ್ನು ಹಿಡಿದರು. ಸಮ್ಮೇದ ಶಿಖರಜಿಯ ಯಾತ್ರೆಯಲ್ಲಿ ತುಪ್ಪ, ಎಣ್ಣೆಗಳನ್ನು ಆಜೀವ ತ್ಯಜಿಸಿದರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ, 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯ ಪದವಿ ಪಡೆದರು. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನಪೂರ್ವಕ ಸಮಾಧಿಸ್ಥರಾದರು.

ಶ್ರಾವಕ ಬಂಧುಗಳೇ, ಪೂಜ್ಯರು ಬಿಟ್ಟದ್ದು ದೇಹಕ್ಕೆ ಪುಷ್ಟಿ ನೀಡುವ ತುಪ್ಪವನ್ನು. ನಾವು ಬಿಡಲಾರೆವೆನ್ನುವುದು ದೇಹವನ್ನು ಕೆಡಿಸುವ ತಂಬಾಕನ್ನು. ಸಪ್ತವ್ಯಸನಗಳಲ್ಲಿ ಮದ್ಯದ ಹೆಸರುಂಟು, ತಂಬಾಕಿನದಿಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುವರು. ಆದರೆ ಮದ್ಯವು ಯಕೃತ್ತನ್ನು ಕೆಡಿಸುವಂತೆ, ಜಗಿಯುವ ತಂಬಾಕು ಬಾಯಿಯ ಕ್ಯಾನ್ಸರಿಗೆ, ಸೇದುವ ತಂಬಾಕು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಎಷ್ಟು ವರ್ಷದ ಚಟವಾದರೂ ಬಿಟ್ಟವನಿಗೆ ಲಾಭವುಂಟು. ಮಹಾರಾಷ್ಟ್ರ ಸರಕಾರವು 2012ರಲ್ಲಿಯೇ ಗುಟ್ಕಾ ನಿಷೇಧಿಸಿತು. ನಮ್ಮಲ್ಲಿ ಬಹುಜನರು ಅಂಗಡಿಕಾರರು; ತಾನು ತಿನ್ನದೆ ಪರರಿಗೆ ಮಾರಿದರೆ ಅಹಿಂಸಾವ್ರತವು ಉಳಿಯುವುದೇ? ಅಂಗಡಿಯಲ್ಲಿ ಕುಳಿತೇ ನಿಯಮ ಹಿಡಿದ ಸಾತಗೌಡರನ್ನು ನೆನೆದು, ಈ ಉತ್ಸವದಲ್ಲಿ ನಾವೂ ಒಂದು ನಿಯಮ ಹಿಡಿಯೋಣ: ತಂಬಾಕು ತಿನ್ನೆವು, ಮಾರೆವು.