ತೆರೆಯ ಮೇಲೆ ಉಳಿದ ಪಿಟೀಲು

ಕೆಲವು ವರ್ಷಗಳ ಕೆಳಗೆ ಕೋಲಾರದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳೊಡನೆ ಮಾತನಾಡುವ ಅವಕಾಶ ನನಗೆ ಒದಗಿತ್ತು. ಚೌಡಯ್ಯನವರನ್ನು ಬಲ್ಲಿರಾ ಎಂದು ವಿಚಾರಿಸಿದೆ. ಹಲವು ಕೈಗಳು ಮೇಲೆದ್ದವು. ಮುಂದೆ ಕೆದಕಿದಾಗ ತಿಳಿದದ್ದು, ಅವರು ಬಲ್ಲದ್ದು ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿ ಕಟ್ಟಿರುವ ಸ್ಮಾರಕ ಭವನವನ್ನು. ನಾಟಕಕ್ಕೋ ಸಮಾರಂಭಕ್ಕೋ ಅಲ್ಲಿಗೆ ಹೋಗಿ ಬಂದವರು ಅವರಲ್ಲಿದ್ದರು. ಕಟ್ಟಡದ ಪರಿಚಯವಿತ್ತು, ಮನುಷ್ಯನ ಪರಿಚಯವಿರಲಿಲ್ಲ. ಇದರಲ್ಲಿ ಹುಡುಗರ ತಪ್ಪೇನೂ ಇಲ್ಲ. ಆ ಭವನ ಎದ್ದದ್ದು 1980ರಲ್ಲಿ. ಚೌಡಯ್ಯನವರು ತೀರಿಕೊಂಡದ್ದು 1967ರ ಜನವರಿ 19ರಂದು. ಆಗ ಆ ಹುಡುಗರ ತಂದೆತಾಯಿಗಳೇ ಹುಟ್ಟಿರಲಿಲ್ಲ.

ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದ ಈ ಹುಡುಗನಿಗೆ ಶಾಲೆಯ ವಿದ್ಯೆ ಒಗ್ಗಲಿಲ್ಲ. ಹದಿನೈದರ ವಯಸ್ಸಿನಲ್ಲಿ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯನಾದ. ಕೃಷ್ಣಪ್ಪನವರು ಗಾಯಕರು, ದೇವರನಾಮಗಳನ್ನು ಭಜನೆಯ ಮನೆಯಿಂದ ಕಛೇರಿಯ ವೇದಿಕೆಗೆ ಗೌರವದಿಂದ ಕರೆತಂದವರು. ಶಿಸ್ತಿನಲ್ಲಿ ಬಲು ಕಠಿಣ. ಹಾಡುವ ಗುರುವಿನಿಂದ ಪಿಟೀಲು ಕಲಿಯುವುದೆಂದರೆ ಬೆರಳಿನ ಪಾಠವಲ್ಲ, ಕಂಠದ ಪಾಠ. ಗುರು ಹಾಡಿದ್ದನ್ನು ತಂತಿ ಹೇಳಬೇಕು, ಹೇಳುವವರೆಗೆ ಬಿಡುಗಡೆಯಿಲ್ಲ. ಸುಮಾರು ಎಂಟು ವರ್ಷ ನಡೆದ ಈ ಗುರುಕುಲವಾಸವೇ ಮುಂದೆ ಚೌಡಯ್ಯನವರನ್ನು ದಕ್ಷಿಣ ದೇಶದ ಹಿರಿಯ ಗಾಯಕರೆಲ್ಲರೂ ಬಯಸುವ ಪಕ್ಕವಾದ್ಯಗಾರರನ್ನಾಗಿ ಮಾಡಿತೆಂದು ನನ್ನ ನಂಬಿಕೆ. ಹಾಡುವವನ ಉಸಿರು ಎಲ್ಲಿ ನಿಲ್ಲುವುದೆಂಬುದನ್ನು ಅವರು ಗುರುವಿನ ಎದುರು ಕುಳಿತು ಕಲಿತಿದ್ದರು.

ಅದು ಧ್ವನಿವರ್ಧಕವಿಲ್ಲದ ಕಾಲ. ಗಾಯಕರ ಕಂಠ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು, ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿದರು. ಮೊದಮೊದಲು ಗುರುಗಳಿಗೆ ತಿಳಿಸದೆಯೇ ಅದನ್ನು ಅಭ್ಯಾಸ ಮಾಡಿದರೆಂಬ ಕಥೆಯಿದೆ. 1927ರ ವೇಳೆಗೆ ಏಳು ತಂತಿಯ ಪಿಟೀಲು ಅವರ ಹೆಸರಿನೊಡನೆ ಬೆಸೆದುಕೊಂಡಿತ್ತು. ಸಂಪ್ರದಾಯಸ್ಥರಿಗೆ ಇದು ರುಚಿಸಲಿಲ್ಲ; ನಾದ ದಪ್ಪವಾಯಿತು, ನಯ ಹೋಯಿತೆಂಬ ಆಕ್ಷೇಪಣೆ ಬಂತು. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಧ್ವನಿವರ್ಧಕ ಬಂದ ಮೇಲೆ ಅದರ ಅಗತ್ಯವೂ ತಗ್ಗಿತು. ಇಂದು ಅಂಥ ವಾದ್ಯ ಅಪರೂಪ. ಆದರೂ ಕಟ್ಟಕಡೆಯ ಸಾಲಿನಲ್ಲಿ ಕುಳಿತ ಬಡ ರಸಿಕನಿಗೂ ಕೇಳಿಸಬೇಕೆಂಬ ಹಂಬಲದಿಂದ ಹುಟ್ಟಿದ ವಾದ್ಯ ಅದು ಎಂಬುದನ್ನು ಮರೆಯಲಾಗದು.

ಮಿಕ್ಕ ಗೌರವಗಳನ್ನು ಬೇಗ ಹೇಳಿಬಿಡುತ್ತೇನೆ. ಮೈಸೂರಿನ ಆಸ್ಥಾನ ವಿದ್ವಾಂಸರಾದರು, 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು, ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು, ಶಿಷ್ಯರನ್ನು ಬೆಳೆಸಿದರು. ಇವೆಲ್ಲ ಗ್ರಂಥಗಳಲ್ಲಿ ಸಿಕ್ಕುತ್ತವೆ. ಗ್ರಂಥಗಳಲ್ಲಿ ಸಿಕ್ಕದ ಒಂದು ವಿಷಯಕ್ಕಾಗಿಯೇ ನಾನು ಈ ಲೇಖನಕ್ಕೆ ಕೈಹಚ್ಚಿದ್ದು.

ನಮ್ಮ ಜಿಲ್ಲೆಯವರಿಗೆ ಬರಹದ ಮೇಲೆ ಭರವಸೆ ಹೆಚ್ಚು. ಅದಕ್ಕೆ ಕಾರಣವೂ ಉಂಟು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಸಂಗೀತಗಾರನೊಬ್ಬನ ಬಾಳನ್ನೇ ‘ಸುಬ್ಬಣ್ಣ’ನನ್ನಾಗಿ ಮಾಡಿ ಕನ್ನಡಕ್ಕೆ ಕೊಟ್ಟರು. ಮುಳಬಾಗಿಲಿನ ಡಿ.ವಿ.ಜಿ.ಯವರು ‘ಜ್ಞಾಪಕ ಚಿತ್ರಶಾಲೆ’ಯ ಒಂದು ಸಂಪುಟವನ್ನು ಕಲೋಪಾಸಕರಿಗೆಂದೇ ಮೀಸಲಿಟ್ಟರು. ಅದೇ ಮುಳಬಾಗಿಲಿನ ನರಸಿಂಹತೀರ್ಥದಲ್ಲಿ 15ನೆಯ ಶತಮಾನದ ಶ್ರೀಪಾದರಾಜರ ಬೃಂದಾವನವಿದೆ. ಅವರ ಪದಗಳು ಇಂದಿಗೂ ನಮ್ಮ ಬಾಯಲ್ಲಿವೆ. ಆದರೆ ಅವರು ಹಾಡಿದ ಧಾಟಿ ಎಲ್ಲಿದೆ? ಶಬ್ದ ಉಳಿಯಿತು, ಸ್ವರ ಹೋಯಿತು. ಕೋಲಾರಮ್ಮನ ಉತ್ಸವದಲ್ಲಿ ತಲೆಮಾರುಗಳಿಂದ ನಾಗಸ್ವರ ಊದಿದವರ ವಿಷಯದಲ್ಲಿ ಹೆಸರೂ ಉಳಿಯಲಿಲ್ಲ. ಲೇಖನಿಗೆ ಎಷ್ಟೇ ಶಕ್ತಿಯಿದ್ದರೂ ಕಮಾನು ಹಿಡಿದ ಕೈ ಹೇಗೆ ತಿರುಗಿತೆಂಬುದನ್ನು ಅದು ತೋರಿಸಲಾರದು.

ತೋರಿಸಬಲ್ಲ ಸಾಧನ ನಮ್ಮ ನಾಡಿಗೆ ತಡವಾಗಿ ಬಂತು. ಕೃಷ್ಣಪ್ಪನವರು 1931ರಲ್ಲಿ ಕಣ್ಮುಚ್ಚಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ. ಅದೇ 1931ರಲ್ಲಿ ತೀರಿಕೊಂಡ ರಷ್ಯದ ನರ್ತಕಿ ಆನ್ನಾ ಪಾವ್ಲೊವಾ ಕೊಂಚ ಹೆಚ್ಚು ಪುಣ್ಯವಂತೆ: ಹಾಲಿವುಡ್ಡಿನಲ್ಲಿ ನಟ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಆಕೆಯ ನೃತ್ಯಗಳನ್ನು ಚಿತ್ರೀಕರಿಸಿ ಇಡಿಸಿದ್ದ. ಇಟಲಿಯ ಮಹಾಗಾಯಕ ಕರೂಸೊನ ಅದೃಷ್ಟ ಇನ್ನೊಂದು ಬಗೆಯದು. 1918ರಲ್ಲಿ ಆತ ಚಲಚ್ಚಿತ್ರದಲ್ಲಿ ನಟಿಸಿದ, ಅದು ಮೂಕಿಚಿತ್ರ! ಜಗತ್ತು ಕಿವಿಗೊಟ್ಟು ಕಾದ ಕಂಠ ತೆರೆಯ ಮೇಲೆ ಬರಿದೆ ಬಾಯಿ ತೆರೆಯಿತು.

ಚೌಡಯ್ಯನವರು ಚಲಚ್ಚಿತ್ರಕ್ಕೆ ಕೈಹಾಕಿದ್ದು ತಮ್ಮ 48ನೆಯ ವಯಸ್ಸಿನಲ್ಲಿ. 1943ರ ‘ವಾಣಿ’ ಎಂಬ ಆ ಚಿತ್ರವನ್ನು ನಾಟಕಕಾರ ಕೆ. ಹಿರಣ್ಣಯ್ಯನವರು ನಿರ್ದೇಶಿಸಿದರು. ಪಂಢರೀಬಾಯಿಯವರು ಮೊದಲು ತೆರೆಗೆ ಬಂದದ್ದು ಅದರಲ್ಲಿಯೇ. ಚೌಡಯ್ಯನವರು ತಾವೇ ಅದರಲ್ಲಿ ನಟಿಸಿದರು. ವಿದ್ವಾಂಸರೊಬ್ಬರು ಬಣ್ಣ ಹಚ್ಚುವುದು ಆ ಕಾಲದ ಮರ್ಯಾದಸ್ಥರಿಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವ ಕೆಲಸವಲ್ಲ. ಆ ಚಿತ್ರದ ನಡುವೆ ಒಂದು ಕಛೇರಿಯ ಭಾಗ ಬರುತ್ತದೆ. ಹಾಡುವವರು ಚೆಂಬೈ ವೈದ್ಯನಾಥ ಭಾಗವತರು, ಪಿಟೀಲಿನಲ್ಲಿ ಚೌಡಯ್ಯನವರು, ಮೃದಂಗದಲ್ಲಿ ಪಾಲ್ಘಾಟ್ ಮಣಿ ಅಯ್ಯರ್. ಮಣಿ ಅಯ್ಯರ್ ಅವರಿಗೆ ಆಗ ಮೂವತ್ತೊಂದರ ಪ್ರಾಯ. ಮುಂದೆ ಧ್ವನಿವರ್ಧಕವೇ ಬೇಡವೆಂದು ಹಟ ಹಿಡಿದ ಆ ಮಹನೀಯರು ಯಂತ್ರದ ಎದುರು ಕುಳಿತಿರುವುದೂ ಒಂದು ಸೋಜಿಗವೇ. ಯೆಹೂದಿ ಮೆನುಹಿನ್‌ರ ಪಿಟೀಲನ್ನು ಪೂರ್ಣಪ್ರಮಾಣದ ಕಛೇರಿಚಿತ್ರವಾಗಿ ಅಮೆರಿಕದಲ್ಲಿ ತೆಗೆದದ್ದು 1947ರಲ್ಲಿ, ಇದಾದ ನಾಲ್ಕು ವರ್ಷದ ಮೇಲೆ.

ಕಥೆಗೆ ಕಳೆಯಿರಲೆಂದು ಸೇರಿಸಿದ ಆ ಕೆಲವು ನಿಮಿಷಗಳು ಇಂದು ಕಥೆಗಿಂತ ಬೆಲೆಯುಳ್ಳವಾಗಿವೆ. ಅವು ಉಳಿದದ್ದೇ ಒಂದು ಭಾಗ್ಯ. ಆ ಕಾಲದ ಸುರುಳಿಗಳು ನೈಟ್ರೇಟಿನವು. ಬೇಗ ಹೊತ್ತಿಕೊಳ್ಳುವವು, ಹೊತ್ತಿಕೊಳ್ಳದಿದ್ದರೆ ಇಟ್ಟಲ್ಲಿಯೇ ಕೊಳೆಯುವವು. ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನೋಡಲು ಸಿಕ್ಕದು. ದೇಶದ ಚಲಚ್ಚಿತ್ರ ಭಂಡಾರ ಪುಣೆಯಲ್ಲಿ ಸ್ಥಾಪಿತವಾದದ್ದು 1964ರಲ್ಲಿ. ಅಷ್ಟರೊಳಗೆ ಹೋದದ್ದು ಹೋಗಿತ್ತು. ಉಳಿದವುಗಳಲ್ಲಿಯೂ ಎಷ್ಟೋ 2003ರ ಜನವರಿಯಲ್ಲಿ ಅಲ್ಲಿ ಹತ್ತಿದ ಬೆಂಕಿಗೆ ಆಹುತಿಯಾದವು.

ನನ್ನ ತಂದೆ ಶ್ರೀನಿವಾಸಪುರದಲ್ಲಿ ಉಪಾಧ್ಯಾಯರಾಗಿದ್ದರು. ಬೆಂಗಳೂರಿನ ರಾಮನವಮಿಯ ಕಛೇರಿಯೊಂದರಲ್ಲಿ ಅವರು ಚೌಡಯ್ಯನವರನ್ನು ಕೇಳಿದ್ದರು. ಮಾವಿನ ತೋಪಿನಲ್ಲಿ ಸಂಜೆ ತಿರುಗಾಡುವಾಗ ಮಾತು ಅಲ್ಲಿಗೆ ಬಂದರೆ ಅವರು ನಿಂತುಬಿಡುವರು. ಎಡಗೈಯನ್ನು ಎದೆಗೆ ತಂದು, ಬಲಗೈಯ ಕೊಡೆಯನ್ನು ಕಮಾನು ಮಾಡಿ, ಬುಡದಿಂದ ತುದಿಯವರೆಗೆ ಒಂದೇ ಎಳೆತದಲ್ಲಿ ನಿಧಾನವಾಗಿ ಎಳೆದು ತೋರಿಸುವರು. ತೋಳು ಚಾಚಿ ಚಾಚಿ ಕೊಡೆ ದಾರಿಯ ಬೇಲಿಗೆ ತಗಲುತ್ತಿತ್ತು. ನನಗೆ ಅದು ಅತಿಶಯವೆಂದು ತೋರಿ ನಗು ಬರುತ್ತಿತ್ತು; ಒಂದೆರಡು ಸಲ ಎದುರಿಗೇ ನಕ್ಕೂ ಇದ್ದೇನೆ. ಅವರು ಕೋಪಿಸಿಕೊಳ್ಳಲಿಲ್ಲ. ಆದರೆ ಬರಬರುತ್ತ ತೋರಿಸುವುದನ್ನು ಬಿಟ್ಟರು.

ಅವರು ಹೋಗಿ ಹಲವು ವರ್ಷಗಳಾದ ಮೇಲೆ ಶಿಷ್ಯನೊಬ್ಬ ‘ವಾಣಿ’ಯ ಆ ಭಾಗವನ್ನು ನನ್ನ ಮುಂದೆ ಹಿಡಿದ. ಚಿತ್ರ ಮಸುಕು, ನಾದ ಇನ್ನೂ ಮಸುಕು. ಚೌಡಯ್ಯನವರ ವಿದ್ವತ್ತನ್ನು ಅದರಿಂದ ಅಳೆಯಲಾಗದು. ಅದಕ್ಕೆ ಆಕಾಶವಾಣಿಯ ಧ್ವನಿಮುದ್ರಣಗಳಿಗೇ ಹೋಗಬೇಕು. ನನ್ನ ಕಣ್ಣು ಹುಡುಕಿದ್ದು ಆ ತೋಳನ್ನು. ಅದು ಚಾಚಿಕೊಂಡಿತು, ನಾನು ನಗುತ್ತಿದ್ದಷ್ಟೇ ಉದ್ದಕ್ಕೆ ಚಾಚಿಕೊಂಡಿತು.

ಕಾಲೇಜಿನ ಆ ಹುಡುಗರಿಗೂ ಅದನ್ನೇ ತೋರಿಸಿದೆ. ಮುಗಿದೊಡನೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ಆ ಕೈಯನ್ನು ಮತ್ತೊಮ್ಮೆ ನೋಡಬೇಕೆಂದಳು. ಮತ್ತೊಮ್ಮೆ ಹಾಕಿದೆವು.