ತ್ಯಾಗವೀರ ಶಿರಸಂಗಿ ಲಿಂಗರಾಜರು

ಲೋಕದಲ್ಲಿ ಧನವಂತರಾಗಿ ಬಾಳಿ ಅಳಿದವರು ಅಸಂಖ್ಯರು. ತಮ್ಮ ಧನಕ್ಕೆ ಸಮಾಜವನ್ನೇ ವಾರಸುದಾರನನ್ನಾಗಿ ಮಾಡಿ ಹೋದವರು ಬೆರಳೆಣಿಕೆಯವರು. ಅಂಥ ವಿರಳರಲ್ಲಿ ಅಗ್ರಗಣ್ಯರು ಶಿರಸಂಗಿಯ ಲಿಂಗರಾಜ ದೇಸಾಯರು. ಕನ್ನಡ ನಾಡಿನ ಉತ್ತರ ಭಾಗದಲ್ಲಿ ಬಡವರ ಮಕ್ಕಳು ಕಾಲೇಜಿನ ಮೆಟ್ಟಿಲನ್ನೇರಿದ ಕಥೆಯನ್ನು ಹೇಳಹೊರಟವರು ಈ ಪುಣ್ಯಪುರುಷನ ಹೆಸರನ್ನು ಬಿಟ್ಟು ಹೇಳಲಾರರು.

ಲಿಂಗರಾಜರು 1861ನೆಯ ಇಸವಿಯ ಜನವರಿ 10ರಂದು ಈಗಿನ ಗದಗ ಜಿಲ್ಲೆಗೆ ಸೇರಿದ ಶಿಗ್ಲಿ ಗ್ರಾಮದಲ್ಲಿ ಜನಿಸಿದರು. ಹುಟ್ಟಿದ ಮನೆ ಒಂದಾದರೆ ಬೆಳಗಿದ ಮನೆ ಮತ್ತೊಂದು. 1872ರಲ್ಲಿ, ಇನ್ನೂ ಹನ್ನೊಂದು ವರುಷದ ಬಾಲಕರಾಗಿದ್ದಾಗಲೇ, ಅವರು ನವಲಗುಂದ-ಶಿರಸಂಗಿ ದೇಸಗತಿಯ ಜಾಯಪ್ಪ ದೇಸಾಯರ ಮನೆತನಕ್ಕೆ ದತ್ತಕರಾಗಿ ಬಂದರು. ಶಿರಸಂಗಿಯು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿರುವ, ಕಾಳಿಕಾದೇವಿಯ ಗುಡಿಯಿಂದ ಪ್ರಸಿದ್ಧವಾದ ಪುರಾತನ ಸ್ಥಳ. ತಾನು ದುಡಿಯದ ಸಂಪತ್ತು, ತಾನು ಕಟ್ಟದ ವಾಡೆ, ತಾನು ಉತ್ತದ ಹೊಲ, ಇವೆಲ್ಲವೂ ಒಂದು ದಿನದಲ್ಲಿ ಆ ಬಾಲಕನವಾದವು. ಬಂದ ಐಶ್ವರ್ಯವು ತನ್ನದಲ್ಲ, ತನ್ನಲ್ಲಿ ಇಡಲಾದುದು ಎಂಬ ಭಾವನೆ ಅವರಲ್ಲಿ ಎಂದು ಮೊಳೆಯಿತೋ ಶಿವನೇ ಬಲ್ಲನು. ಆದರೆ ಅವರ ಜೀವಿತದ ಕೊನೆಯ ಕಾರ್ಯವು ಆ ಭಾವನೆಗೆ ಸಾಕ್ಷಿಯಾಗಿದೆ.

ಅವರು ಪ್ರಾಯಕ್ಕೆ ಬರುತ್ತಿದ್ದ ಕಾಲವು ನಾಡಿಗೆ ಕಠಿಣವಾದ ಕಾಲವಾಗಿತ್ತು. 1876ರಿಂದ 1878ರ ವರೆಗಿನ ಮಹಾಕ್ಷಾಮವು ಬೆಳಗಾವಿ, ಧಾರವಾಡ, ವಿಜಾಪುರದ ಸೀಮೆಗಳನ್ನು ಸುಟ್ಟಿತು. ಒಕ್ಕಲು ಮಕ್ಕಳು ಎತ್ತುಗಳನ್ನು ಕಳೆದುಕೊಂಡರು. ಭೂಮಿಯನ್ನು ಸಾಲಿಗನಿಗೆ ಬರೆದುಕೊಟ್ಟರು. ಲಿಂಗವಂತ ಸಮಾಜದ ಬಹುಭಾಗವು ಒಕ್ಕಲುತನ, ನೇಕಾರಿಕೆ, ವ್ಯಾಪಾರಗಳಲ್ಲಿಯೇ ನಿಂತಿತ್ತು. ಹೊಸ ವಿದ್ಯೆಯ ಬಾಗಿಲು ತೆರೆದಿದ್ದರೂ ಅದರ ಹೊಸ್ತಿಲು ಬಹು ದೂರದಲ್ಲಿತ್ತು.

ಆ ದೂರವನ್ನು ಇಂದಿನವರು ಅರಿಯಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾದುದು 1917ರಲ್ಲಿ. ಅದಕ್ಕಿಂತ ಮೊದಲು ಈ ಸೀಮೆಯ ಹುಡುಗನು ಮ್ಯಾಟ್ರಿಕ್ಯುಲೇಶನ್ ಮುಗಿಸಿ ಮುಂದೆ ಓದಬೇಕೆಂದರೆ ಕೊಲ್ಲಾಪುರಕ್ಕೋ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಕಾಲೇಜಿನ ಫೀ, ಪರೀಕ್ಷೆಯ ಫೀ, ಕೋಣೆಯ ಬಾಡಿಗೆ, ಪುಸ್ತಕ, ದೀಪದ ಎಣ್ಣೆ, ಎರಡು ಹೊತ್ತಿನ ಊಟ, ರಜೆಗೆ ಊರಿಗೆ ಬರುವ ದಾರಿಯ ಖರ್ಚು, ಎಲ್ಲಕ್ಕೂ ರೊಕ್ಕವೇ ಬೇಕು. ಒಕ್ಕಲಿಗನ ಮನೆಯಲ್ಲಿಯೋ ಜೋಳವಿದ್ದರೂ ರೊಕ್ಕವಿಲ್ಲ. ಕೆಲವರು ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ ಫೀಯನ್ನು ಕೂಡಿಸಿದರು. ಕೆಲವರು ಮಠದ ಪ್ರಸಾದವನ್ನುಂಡು, ಮಠದ ಕೆಲಸವನ್ನು ಮಾಡುತ್ತ ಓದಿದರು. ಕೆಲವರ ತಂದೆಯರು ಹೊಲವನ್ನು ಅಡವಿಟ್ಟು ಸಾಲ ತಂದರು. ಮಗನು ಉತ್ತೀರ್ಣನಾಗಿ ನೌಕರಿ ಹಿಡಿದರೆ ಹೊಲ ಉಳಿಯಿತು. ಜ್ವರ ಬಂದೋ ಪರೀಕ್ಷೆಯಲ್ಲಿ ತಪ್ಪಿಯೋ ಹಿಂದಿರುಗಿದರೆ ವಿದ್ಯೆಯೂ ಇಲ್ಲ, ಹೊಲವೂ ಇಲ್ಲ. ಆದಕಾರಣ ಬುದ್ಧಿವಂತ ಹುಡುಗರೆಷ್ಟೋ ಜನರು ಮ್ಯಾಟ್ರಿಕ್ಯುಲೇಶನ್ನಿನ ಇತ್ತಕಡೆಯೇ ನಿಂತು ಹೋದರು.

ಈ ಕೊರತೆಯನ್ನು ಮೊದಲು ಮನಗಂಡ ಹಿರಿಯರು ಧಾರವಾಡದ ಗಿಲಗಂಚಿ ಗುರುಸಿದ್ಧಪ್ಪನವರು ಮತ್ತು ಅರಟಾಳ ರುದ್ರಗೌಡರು. ಅವರ ಪ್ರಯತ್ನದಿಂದ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿ, ಬಡ ವಿದ್ಯಾರ್ಥಿಗಳ ಸಹಾಯಕ್ಕೆಂದು ನಿಧಿಯು ಕೂಡತೊಡಗಿತು. ಆದರೆ ವಂತಿಗೆಯಿಂದ ಕೂಡುವ ನಿಧಿಯು ಮಳೆಯನ್ನು ನಂಬಿದ ಕೆರೆಯಂತೆ. ಒಳ್ಳೆಯ ವರುಷದಲ್ಲಿ ತುಂಬುವದು, ಬರಗಾಲದಲ್ಲಿ ಬತ್ತುವದು. ವಿದ್ಯಾರ್ಥಿಯ ಓದಾದರೋ ಮಳೆಗಾಗಿ ಕಾಯಲಾರದು. ಬತ್ತದ ಒಂದು ಊಟೆಯೇ ಸಮಾಜಕ್ಕೆ ಬೇಕಾಗಿತ್ತು.

ಇತ್ತ ಲಿಂಗರಾಜರು ಸಮಾಜದ ಧುರೀಣರ ಸಾಲಿನಲ್ಲಿ ಮುಂದೆ ಬಂದಿದ್ದರು. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ನೆರೆದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಇವರೇ. ಚದರಿಹೋಗಿದ್ದ ಸಮಾಜವು ಒಂದೆಡೆಗೆ ಕೂಡಿ ತನ್ನ ಹಿತವನ್ನು ತಾನೇ ಆಲೋಚಿಸಿದ ಆ ದಿನಗಳಲ್ಲಿ ವಿದ್ಯೆಯ ಪ್ರಶ್ನೆಯು ಹಿರಿಯರೆಲ್ಲರ ಮುಂದಿದ್ದಿತು.

ಲಿಂಗರಾಜರ ಸ್ವಂತ ಬಾಳಿನಲ್ಲಿ ಒಂದು ಶೂನ್ಯವಿತ್ತು. ಮನೆತನವನ್ನು ಮುಂದುವರಿಸುವ ಸಂತಾನವು ಅವರಿಗೆ ಉಳಿಯಲಿಲ್ಲ. ವತನದಾರರ ಮನೆಗಳಲ್ಲಿ ಇಂಥ ಸಂದರ್ಭದಲ್ಲಿ ದತ್ತಕವನ್ನು ತೆಗೆದುಕೊಳ್ಳುವದೇ ರೂಢಿ. ಲಿಂಗರಾಜರು ತಾವೇ ದತ್ತಕರಾಗಿ ಬಂದವರಾದುದರಿಂದ ಆ ಮಾರ್ಗವು ಅವರಿಗೆ ಅಪರಿಚಿತವಾಗಿರಲಿಲ್ಲ. ಒಬ್ಬ ಬಾಲಕನನ್ನು ಕರೆತಂದು ಕೂರಿಸಿದ್ದರೆ ದೇಸಾಯರ ಹೆಸರು ಮುಂದುವರಿಯುತ್ತಿತ್ತು, ಲೋಕವೂ ಮೆಚ್ಚುತ್ತಿತ್ತು. ಅವರಾದರೋ ತಮ್ಮ ಆಸ್ತಿಯು ಲಿಂಗಾಯತ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ವಿನಿಯೋಗವಾಗಬೇಕೆಂದು ಮೃತ್ಯುಪತ್ರವನ್ನು ಬರೆದಿಟ್ಟರು. ಒಬ್ಬ ಮಗನಿಗೆ ಬದಲಾಗಿ ಇನ್ನೂ ಹುಟ್ಟದ ಸಹಸ್ರಾರು ಮಕ್ಕಳನ್ನು ದತ್ತಕ ತೆಗೆದುಕೊಂಡರು. 1906ರ ಆಗಸ್ಟ್ 23ರಂದು, ನಾಲ್ವತ್ತೈದನೆಯ ವಯಸ್ಸಿನಲ್ಲಿಯೇ, ಅವರು ಲಿಂಗೈಕ್ಯರಾದರು.

ಅವರ ತರುವಾಯ ಆ ಆಸ್ತಿಯು ನವಲಗುಂದ-ಶಿರಸಂಗಿ ಟ್ರಸ್ಟ್ ಎಂಬ ಹೆಸರಿನಿಂದ ಸರಕಾರಿ ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ ನಡೆದುಬಂದಿತು. ಇಲ್ಲಿಯೇ ಅವರ ತ್ಯಾಗದ ದೂರದೃಷ್ಟಿಯು ಕಾಣಬರುವದು. ಆಸ್ತಿಯನ್ನು ಹಂಚಿಬಿಟ್ಟಿದ್ದರೆ ಒಂದು ತಲೆಮಾರು ಉಂಡು ಮುಗಿಸುತ್ತಿತ್ತು. ಅದನ್ನು ವಿಶ್ವಸ್ತನಿಧಿಯಾಗಿ ಮಾಡಿದುದರಿಂದ ಮರವು ಹಾಗೆಯೇ ಉಳಿದು ಫಲವು ಮಾತ್ರ ವರುಷ ವರುಷವೂ ವಿದ್ಯಾರ್ಥಿಗಳ ಪಾಲಾಯಿತು. ಅದರ ವಿದ್ಯಾರ್ಥಿವೇತನವನ್ನು ಪಡೆದವರು ವಕೀಲರೂ ವೈದ್ಯರೂ ಶಿಕ್ಷಕರೂ ಅಧಿಕಾರಿಗಳೂ ಆಗಿ ಸಮಾಜದ ಮುಖವನ್ನು ಬೆಳಗಿದರು.

ಅದೇ 1906ರಲ್ಲಿ ಘಟ್ಟದ ಕೆಳಗಣ ನಾಡಿನಲ್ಲಿಯೂ ಇಂಥದೇ ಒಂದು ಸತ್ಕಾರ್ಯವು ನಡೆಯಿತೆಂಬುದು ಸ್ಮರಣೀಯ. ವಿಟ್ಲ, ಬಂಟವಾಳದ ಸೀಮೆಯ ಹುಡುಗನಿಗೆ ಮಂಗಳೂರೇ ವಿದ್ಯೆಯ ಊರು. ಅಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಗಿದ್ದಿತಾದರೂ, ವಕೀಲಿಯನ್ನೋ ವೈದ್ಯವನ್ನೋ ಕಲಿಯುವದಕ್ಕೆ ಮದರಾಸಿನ ದಾರಿಯನ್ನೇ ಹಿಡಿಯಬೇಕು. ಬಂಟವಾಳದ ಬಳಿಯ ಅಮ್ಮೆಂಬಳದ ಹೆಸರನ್ನು ಹೊತ್ತ ಮನೆತನದ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ 1891ರಲ್ಲಿ ಕೆನರಾ ಹೈಸ್ಕೂಲನ್ನು ತೆರೆದವರು. ಅವರೇ 1906ರ ಜುಲೈಯಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿ, ಜನರಲ್ಲಿ ಉಳಿತಾಯದ ಅಭ್ಯಾಸವನ್ನೂ ವಿದ್ಯಾಪ್ರಸಾರವನ್ನೂ ಅದರ ಧ್ಯೇಯಗಳಲ್ಲಿ ಸೇರಿಸಿದರು. ಅದೇ ಮುಂದೆ ಕೆನರಾ ಬ್ಯಾಂಕಾಯಿತು. ಅಲ್ಲಿ ಹಲವರ ಸಣ್ಣ ಉಳಿತಾಯವು ಕೂಡಿ ಹೊಳೆಯಾಯಿತು. ಇಲ್ಲಿ ಒಬ್ಬನ ಸರ್ವಸ್ವವೇ ಕೆರೆಯಾಯಿತು. ದಾರಿ ಎರಡಾದರೂ ತೃಷೆಯು ಒಂದೇ.

ಲಿಂಗರಾಜರ ದಾನವು ಒಂದು ಸಮಾಜದ ಮಕ್ಕಳಿಗೆ ಮೀಸಲಾಗಿತ್ತೆಂದು ಆಕ್ಷೇಪಿಸುವವರು ಇರಬಹುದು. ವಿದ್ಯೆಯಲ್ಲಿ ಹಿಂದುಳಿದಿದ್ದ ತನ್ನ ಜನವನ್ನು ಮೊದಲು ಎತ್ತಬೇಕೆಂಬುದು ಆ ಕಾಲದ ಹಿರಿಯರ ಕಾಳಜಿಯಾಗಿತ್ತು. ಆದರೆ ಹಾಗೆ ಹೊತ್ತಿದ ದೀಪವು ತನ್ನ ಮನೆಯೊಳಗೆ ಮಾತ್ರ ಬೆಳಗಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಶಿ. ಶಿ. ಬಸವನಾಳ, ಸಾಖರೆ ಮೊದಲಾದ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ನಾಮವನ್ನೇ ಇಟ್ಟಿತು. ಪುಣೆಯ ದಾರಿಯನ್ನು ಹಿಡಿಯಬೇಕಾಗಿದ್ದ ಹುಡುಗರಿಗೆ ವಿದ್ಯೆಯ ಹೊಸ್ತಿಲು ಈಗ ಬೆಳಗಾವಿಯಲ್ಲಿಯೇ ದೊರೆಯಿತು. ಅದನ್ನು ದಾಟಿದವರಲ್ಲಿ ಎಲ್ಲ ಜಾತಿ ಮತಗಳ ಮಕ್ಕಳೂ ಇದ್ದರು.

ಶರಣರ ಮಾರ್ಗದಲ್ಲಿ ದಾನಕ್ಕಿಂತ ದಾಸೋಹವು ಮಿಗಿಲು. ದಾನದಲ್ಲಿ ಕೊಡುವವನ ಕೈ ಮೇಲು, ಬೇಡುವವನ ಕೈ ಕೆಳಗು. ದಾಸೋಹದಲ್ಲಿ ಕೊಡುವವನು ದಾಸನು, ಕೊಟ್ಟುದು ಶಿವನದು. ಲಿಂಗರಾಜರ ವೇತನವನ್ನುಂಡ ವಿದ್ಯಾರ್ಥಿಯು ಯಾವ ದೇಸಾಯನ ಎದುರಿಗೂ ತಲೆಬಾಗಿ ನಿಲ್ಲಬೇಕಾಗಲಿಲ್ಲ, ಏಕೆಂದರೆ ಕೊಟ್ಟವರು ತೀರಿಹೋಗಿದ್ದರು. ಆದರೆ ತೀರಿಹೋದವರಿಗೆ ಸಾಲವನ್ನು ಮರಳಿಸುವದೆಂತು? ಮುಂದಣ ವಿದ್ಯಾರ್ಥಿಗೆ ಕೊಟ್ಟೇ ಅದನ್ನು ತೀರಿಸಬೇಕು. ಪದವಿಯನ್ನು ಪಡೆದು, ಹುದ್ದೆಯನ್ನೇರಿ, ತಾನು ಏರಿ ಬಂದ ಏಣಿಯನ್ನು ಮರೆಯುವವನು ಆ ಋಣವನ್ನು ಉಳಿಸಿಕೊಂಡವನೇ ಸರಿ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರಿಗೂ ಈ ಮಾತು ಸಲ್ಲುವದು.

ನಾಡು ಅವರನ್ನು ತ್ಯಾಗವೀರರೆಂದು ಕರೆಯಿತು. ರಣದಲ್ಲಿ ವೀರರಾಗುವವರು ಪ್ರಾಣವನ್ನು ಕೊಡುವರು. ಇವರು ತಮ್ಮ ಮನೆತನದ ನಾಳೆಯನ್ನೇ ಕೊಟ್ಟರು. ಬಡವನ ಮಗನು ಪುಸ್ತಕವನ್ನು ತೆರೆದು ದೀಪದ ಮುಂದೆ ಕುಳಿತಲ್ಲೆಲ್ಲ ಅವರ ಸ್ಮಾರಕವಿದೆ. ಅಂಥ ದೀಪವು ಯಾವ ಮನೆಯಲ್ಲಿಯೂ ರೊಕ್ಕದ ಕೊರತೆಯಿಂದ ಆರದಂತೆ ಭಕ್ತವೃಂದಕ್ಕೆ ಶ್ರೀ ಗುರುಬಸವೇಶ್ವರನು ಸದ್ಬುದ್ಧಿಯನ್ನು ಕರುಣಿಸಲಿ.