ಗ್ರೀಕ್ ಬಿಟ್ಟು ಬೇರೆ ಮಾತಾಡಿದರೆ ದಂಡ

ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ನಾಲ್ವರು ಕನ್ನಡಿಗರು ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಮನೆಯೊಳಗೆ ಇಂಗ್ಲಿಷ್ ಅಥವಾ ಹಿಂದಿ ವಾಕ್ಯ ಆಡಿದವನು ಡಬ್ಬಕ್ಕೆ ಹತ್ತು ರೂಪಾಯಿ ಹಾಕಬೇಕು, ಭಾನುವಾರ ಆ ದುಡ್ಡಲ್ಲಿ ಎಲ್ಲರಿಗೂ ದೋಸೆ. ಈ ಆಟ ನಮ್ಮದೇ ಎಂದುಕೊಂಡಿದ್ದೆ. ಐನೂರು ವರ್ಷದ ಹಿಂದೆ ವೆನಿಸ್ ನಗರದ ಒಬ್ಬ ಮುದ್ರಕ ಇಂಥದ್ದೇ ನಿಯಮ ಮಾಡಿದ್ದ ಎಂದು ತಿಳಿದದ್ದು ಬಹಳ ತಡವಾಗಿ.

ಆತ ಆಲ್ಡಸ್ ಮನುಟಿಯಸ್. ಸುಮಾರು 1450ರಲ್ಲಿ ರೋಮ್‌ನ ದಕ್ಷಿಣಕ್ಕಿರುವ ಬಸ್ಸಿಯಾನೋ ಎಂಬ ಸಣ್ಣ ಊರಲ್ಲಿ ಹುಟ್ಟಿದವನು. ಕಾರ್ಪಿಯ ರಾಜಮನೆತನದ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಾಗಿದ್ದ. ನಲವತ್ತರ ಆಸುಪಾಸಿನಲ್ಲಿ ವೆನಿಸ್‌ಗೆ ಹೋಗಿ, ಗೊತ್ತಿಲ್ಲದ ಮುದ್ರಣದ ಕಸುಬಿಗೆ ಇಳಿದ. ನನ್ನಂಥ ಮೂವತ್ತು ದಾಟಿದ ಇಂಜಿನಿಯರಿಗೆ ಇದೇ ದೊಡ್ಡ ಧೈರ್ಯ!

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಮೇಲೆ ಅನೇಕ ಗ್ರೀಕರು ಇಟಲಿಗೆ ಬಂದಿದ್ದರು. ಕ್ರೀಟ್ ದ್ವೀಪ ಆಗ ವೆನಿಸ್‌ನದೇ ಆಳ್ವಿಕೆಯಲ್ಲಿತ್ತು. ಆಲ್ಡಸ್‌ನ ಮುಖ್ಯ ಸಂಪಾದಕ ಮಾರ್ಕಸ್ ಮುಸುರಸ್ ಬಂದದ್ದು ಅಲ್ಲಿಂದಲೇ. ಹೀಗೆ ಪರವೂರಿಗೆ ಬಂದವರ ಕೈಯಲ್ಲಿ ಗ್ರೀಕ್ ಕಾವ್ಯ ಅಚ್ಚಾಯಿತು. 1498ರಲ್ಲಿ ಅರಿಸ್ಟೋಫನೀಸ್, 1502ರಲ್ಲಿ ಸೋಫೋಕ್ಲೀಸ್, 1503ರಲ್ಲಿ ಯೂರಿಪಿಡೀಸ್, 1513ರಲ್ಲಿ ಪಿಂಡಾರ್. ಹೋಮರ್ ಕಾವ್ಯ 1488ರಲ್ಲೇ ಫ್ಲಾರೆನ್ಸ್‌ನಲ್ಲಿ ದೊಡ್ಡ ಗಾತ್ರದಲ್ಲಿ ಅಚ್ಚಾಗಿತ್ತು. ಆಲ್ಡಸ್ ಅದನ್ನು 1504ರಲ್ಲಿ ಕೈಯಲ್ಲಿ ಹಿಡಿದು ಓದುವಷ್ಟು ಸಣ್ಣದು ಮಾಡಿದ. ಹೋಮರನ ಹೆಸರಲ್ಲಿರುವ ದೇವತಾಸ್ತೋತ್ರಗಳೂ ಅದರಲ್ಲಿದ್ದವು. ದೀಮೀಟರ್ ದೇವಿಯ ದೀರ್ಘ ಸ್ತೋತ್ರ ಮಾತ್ರ ಇರಲಿಲ್ಲ. ಅದರ ಹಸ್ತಪ್ರತಿ ಮಾಸ್ಕೋದಲ್ಲಿ ಸಿಕ್ಕಿದ್ದು 1777ರಲ್ಲಿ.

ಕೆಲಸ ಸುಲಭದ್ದಲ್ಲ. ಗ್ರೀಕ್ ಅಕ್ಷರಗಳ ಮೇಲೆ ಸ್ವರಚಿಹ್ನೆ, ಉಸಿರಿನ ಚಿಹ್ನೆ, ಜೊತೆಗೆ ಕೂಡಕ್ಷರಗಳು. ಪ್ರತಿ ಜೋಡಣೆಗೂ ಬೇರೆ ಅಚ್ಚುಮೊಳೆ ಬೇಕು. ಪರದೆಯ ಮೇಲೆ ಒತ್ತಕ್ಷರ ಒಡೆದು ಕೂತಾಗ ತಲೆ ಚಚ್ಚಿಕೊಂಡವರಿಗೆ ಈ ಸಂಕಟ ಅರ್ಥವಾಗುತ್ತದೆ. ಕೆತ್ತಿದವನು ಫ್ರಾಂಚೆಸ್ಕೋ ಗ್ರಿಫ್ಫೋ. ನಾವು ಇಂದು ಬಳಸುವ ಇಟಾಲಿಕ್ ಅಕ್ಷರವನ್ನೂ ಆಲ್ಡಸ್‌ಗಾಗಿ ಮೊದಲು ಕೆತ್ತಿದವನು ಆತನೇ.

ಸುಮಾರು 1502ರಲ್ಲಿ ಆಲ್ಡಸ್ ತನ್ನ ವಿದ್ವಾಂಸರ ಕೂಟಕ್ಕೆ ನಿಯಮ ಬರೆದು ಅಚ್ಚು ಹಾಕಿದ: ಇಲ್ಲಿ ಗ್ರೀಕ್ ಮಾತ್ರ, ತಪ್ಪಿದರೆ ದಂಡ. ಕೂಡಿದ ಹಣದಲ್ಲಿ ಎಲ್ಲರಿಗೂ ಊಟ.

ಕಾಟವೂ ಕಡಿಮೆಯಿರಲಿಲ್ಲ. ಫ್ರಾನ್ಸಿನ ಲಿಯಾನ್‌ನಲ್ಲಿ ಅವನ ಲ್ಯಾಟಿನ್ ಪುಸ್ತಕಗಳನ್ನು ನಕಲು ಮಾಡಿ ಮಾರುತ್ತಿದ್ದರು. 1503ರಲ್ಲಿ ಆತ ಎಚ್ಚರಿಕೆಯ ಹಾಳೆ ಹೊರಡಿಸಿ, ನಕಲಿಯನ್ನು ಗುರುತಿಸಲು ಅದರ ತಪ್ಪುಗಳ ಪಟ್ಟಿ ಕೊಟ್ಟ. ನಕಲುಗಾರರು ಆ ಪಟ್ಟಿ ನೋಡಿಯೇ ತಪ್ಪು ತಿದ್ದಿಕೊಂಡರು! 1509ರಲ್ಲಿ ಯುದ್ಧ ಬಂದು ಅಚ್ಚುಕೂಟ ನಿಂತಿತು. ಮತ್ತೆ ಶುರುವಾದದ್ದು 1512ರಲ್ಲಿ. 1515ರ ಫೆಬ್ರವರಿಯಲ್ಲಿ ಆಲ್ಡಸ್ ತೀರಿಕೊಂಡ. ಶವಪೆಟ್ಟಿಗೆಯ ಸುತ್ತ ಅವನು ಅಚ್ಚು ಹಾಕಿದ ಪುಸ್ತಕಗಳನ್ನು ಜೋಡಿಸಿಟ್ಟಿದ್ದರು.

ಗ್ರೀಕ್ ಅವನ ಮನೆಮಾತೂ ಅಲ್ಲ, ಕಲಿತ ಭಾಷೆ. ಕನ್ನಡ ನನಗೆ ಹುಟ್ಟಿನಿಂದಲೇ ಬಂದದ್ದು. ಆದರೂ ಆರು ವರ್ಷದ ಮಗಳು ಹಿಂದಿಯಲ್ಲಿ ಕೇಳಿದರೆ ನಾನೂ ಹಿಂದಿಯಲ್ಲೇ ಉತ್ತರ ಕೊಟ್ಟು ಲ್ಯಾಪ್‌ಟಾಪಿಗೆ ಮರಳುತ್ತಿದ್ದೆ. ಹೋದ ವಾರ ಊಟದ ಮೇಜಿನ ಮೇಲೆ ಮತ್ತೆ ಡಬ್ಬ ಇಟ್ಟೆ. ಮೊದಲ ದಂಡ ಅರ್ಧ ಗಂಟೆಯೊಳಗೆ ಬಿತ್ತು. ತಪ್ಪು ಹಿಡಿದವಳು ಮಗಳು, ಹತ್ತು ರೂಪಾಯಿ ಕಟ್ಟಿದವನು ನಾನು.